ಕಚ್ಚಾ ಹೊಲಿಗೆ

ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಮನೆಯವರು ಚಹಾ ಲೋಟದ ಪಕ್ಕ ಒಂದು ಸೂಜಿ, ಒಂದೆಳೆ ದಾರ ತಂದಿಡ್ತಾರೆ. ನಾನು ಪೋಣಿಸಬೇಕು. ಪೋಣಿಸಿದರೆ ಅವತ್ತು ತಲೆ ನೆಟ್ಟಗಿದೆ ಅಂತ ಲೆಕ್ಕ, ಅಂಗಡಿಗೆ ಬರಬಹುದು. ಆಗಲಿಲ್ಲವೋ, ಸಿರಪ್ಪು ಇನ್ನೊಂದು ಮುಚ್ಚಳ ಜಾಸ್ತಿ. ಲಿವರ್ ಕೆಟ್ಟರೆ ಹೊಟ್ಟೆಯ ಕಶ್ಮಲ ರಕ್ತದಲ್ಲೇ ಉಳಿದು ತಲೆಗೆ ಏರತ್ತೆ. ಕೈ ನಡುಗತ್ತೆ, ಹಗಲು ರಾತ್ರಿ ಅದಲುಬದಲಾಗತ್ತೆ, ಎದುರಿಗೆ ನಿಂತವರ ಗುರುತೇ ಸಿಗಲ್ಲ. ಸಿರಪ್ಪು ಕುಡಿದು ದಿನವಿಡೀ ಕಕ್ಕಸಿಗೆ ಓಡಿ ಓಡಿ ಅದನ್ನ ಇಳಿಸಬೇಕು. "ದಿನಾ ಏನಾದ್ರೂ ಸಣ್ಣ ಕೆಲಸ ಮಾಡಿಸಿ ನೋಡಿ" ಅಂತ ಡಾಕ್ಟರಮ್ಮ ಹೇಳಿದ್ದರು. ಸೂಜಿಯ ಉಪಾಯ ಮನೆಯವರದು. ನಾಲ್ಕು ಮಾತಾಡು ಅಂದ್ರೆ ಎರಡು ನುಂಗೋ ಮನುಷ್ಯ, ಇಂಥದ್ದರಲ್ಲಿ ಮಾತ್ರ ಭಾರಿ ಚುರುಕು.

ನಮ್ಮದು ಒಂದೇ ಅಂಗಡಿ, ಎರಡು ಕಸುಬು. ಕಿಟಕಿ ಪಕ್ಕ ನನ್ನ ಹೊಲಿಗೆ ಮಿಷನ್ನು, ಒಳಗೋಡೆಗೆ ಅವರ ಇಸ್ತ್ರಿ ಟೇಬಲ್ಲು. ನಾನು ಹೊಲಿದಿದ್ದನ್ನ ಅವರು ಸುಕ್ಕು ಬಿಡಿಸ್ತಾರೆ. ನನ್ನ ಹೊಟ್ಟೆ ಮೊದಲ ಸಲ ಊದಿಕೊಂಡಾಗ ಗಿರಾಕಿಗಳು ಮುಸಿಮುಸಿ ನಕ್ಕರು, ಈ ವಯಸ್ಸಲ್ಲಿ ಬಸುರಾ ಅಂತ. ಕಣ್ಣು ಹಳದಿಯಾದ ಮೇಲೆ ನಗು ನಿಂತು ಗುಸುಗುಸು ಶುರುವಾಯ್ತು, ಮುಚ್ಚಿಟ್ಟು ಕುಡೀತಾಳಂತೆ ಅಂತ. ನಾನು ಒಂದು ತೊಟ್ಟು ಮುಟ್ಟಿದವಳಲ್ಲ. ನನ್ನ ಮೈಗೇ ನನ್ನ ಲಿವರ್ ಕಂಡರೆ ಆಗಿಬರಲ್ಲ, ತಾನೇ ಅದನ್ನ ಕಚ್ಚಿ ಕಚ್ಚಿ ಹಾಳುಮಾಡಿದೆ, ಅಂಥದ್ದೊಂದು ಕಾಯಿಲೆಯಂತೆ. ಇದನ್ನ ಬಂದವರಿಗೆಲ್ಲ ಬಿಡಿಸಿ ಹೇಳ್ತಾ ಕೂತರೆ ಗುಂಡಿ ಹಚ್ಚೋರು ಯಾರು? ಅಂದ್ಕೊಂಡ್ರೆ ಅಂದ್ಕೊಳ್ಳಲಿ ಅಂತ ಬಿಟ್ಟುಬಿಟ್ಟೆ.

ಹೊಟ್ಟೆಯಲ್ಲಿ ನೀರು ತುಂಬತ್ತೆ. ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿ ತೆಗೆಸಿಕೊಂಡು ಬರ್ತೀನಿ, ಮತ್ತೆ ತುಂಬತ್ತೆ. ಊಟಕ್ಕೆ ಉಪ್ಪಿಲ್ಲ, ಕುಡಿಯೋ ನೀರಿಗೂ ಅಳತೆ, ಆದ್ರೂ ಎಲ್ಲಿಂದ ಬರತ್ತೋ ಗೊತ್ತಿಲ್ಲ. ಅದಕ್ಕೇ ನನ್ನ ಗೌನುಗಳ ಪಕ್ಕ ಬಿಚ್ಚಿ ಎರಡೂ ಕಡೆ ಬೇರೆ ಬಟ್ಟೆಯ ಪಟ್ಟಿ ಸೇರಿಸಿದ್ದೆ. ಮಿಷನ್ನಲ್ಲಿ ಅಲ್ಲ, ಕೈಯಲ್ಲಿ, ಕಚ್ಚಾ ಹೊಲಿಗೆ. ಅಂಗಿ ಹೊಲಿಯೋ ಮುಂಚೆ ಅಳತೆ ನೋಡೋಕೆ ಅಂತ ದೂರ ದೂರ ಹಾಕಿಡ್ತೀವಲ್ಲ, ಅದು. ತುದಿ ಹಿಡಿದು ಎಳೆದ್ರೆ ದಾರ ಪೂರ್ತಿ ಬಂದುಬಿಡತ್ತೆ. "ಗಟ್ಟಿಯಾಗಿ ಹಾಕ್ಬಾರ್ದಾ?" ಅಂತ ಮನೆಯವರು ಕೇಳಿದ್ರು. "ಇದೇನು ಜನ್ಮಕ್ಕೆಲ್ಲ ಇರತ್ತಾ? ಹೊಸ ಲಿವರ್ ಬಂದ ದಿನ ಎಳೆದು ಬಿಸಾಕ್ತೀನಿ" ಅಂದೆ. ಆಗ ಅಷ್ಟು ಧೈರ್ಯ ಇತ್ತು ನನಗೆ.

ಡ್ರೈವರಣ್ಣ ಪರಿಚಯ ಆಗಿದ್ದು ಕ್ಲಿನಿಕ್ಕಿನ ಬೆಂಚಿನ ಮೇಲೆ. ಹೊಟ್ಟೆ ನನಗಿಂತ ದೊಡ್ಡದು, ಖಾಕಿ ಅಂಗಿ ಬಿಗಿದು ಉಸಿರು ಕಟ್ಟಿಸ್ತಿತ್ತು. ಕೆಮ್ಮಿದ್ರು ನೋಡಿ, ಹೊಟ್ಟೆ ಮೇಲಿನ ಗುಂಡಿ ಹಾರಿ ಬಂದು ನನ್ನ ಮಡಿಲಿಗೆ ಬಿತ್ತು.

"ತಪ್ಪು ತಿಳ್ಕೋಬೇಡಿ ತಾಯಿ" ಅಂದ್ರು, ಮುಖ ಸಣ್ಣದು ಮಾಡ್ಕೊಂಡು.

"ತಪ್ಪು ನಿಮ್ಮದಲ್ಲ, ಈ ಅಂಗಿ ಹೊಲಿದೋನದು. ನಾಳೆ ನಮ್ಮ ಅಂಗಡಿಗೆ ತನ್ನಿ" ಅಂದೆ.

ಬಸ್ಸು ಓಡಿಸ್ತಿದ್ದ ಮನುಷ್ಯ. ಒಂದಿನ ದಿನಾ ಹೋಗೋ ದಾರಿಯೇ ಮರೆತುಹೋಗಿ ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿಬಿಟ್ಟರಂತೆ. ಆಮೇಲೆ ಸ್ಟೀರಿಂಗ್ ಕೊಡಲಿಲ್ಲ, ಡಿಪೋದಲ್ಲಿ ಜನ ಬಸ್ಸಲ್ಲಿ ಬಿಟ್ಟುಹೋದ ಸಾಮಾನು ಕಾಯೋಕೆ ಕೂರಿಸಿದ್ರು. ಅವರು ಮಾತ್ರ ನಿಜವಾಗಿಯೂ ಕುಡಿದವರು. ಮುಚ್ಚಿಡಲಿಲ್ಲ. "ಕೊಡಗಟ್ಟಲೆ ಕುಡಿದೀನಿ ಟೈಲರಮ್ಮ. ಈಗ ಬಿಟ್ಟಿದೀನಿ. ಬಿಟ್ಟ ಮೇಲೆ ಗೊತ್ತಾಯ್ತು, ಹೆಂಡತಿ ಎಷ್ಟು ಚೆನ್ನಾಗಿ ಬೈತಾಳೆ ಅಂತ. ಅಮಲಲ್ಲಿ ಒಂದೂ ಸರಿಯಾಗಿ ಕೇಳಿಸ್ತಿರ್ಲಿಲ್ಲ" ಅಂದ್ರು. ನಕ್ಕು ನಕ್ಕು ನನ್ನ ಪಕ್ಕೆ ಹಿಡಕೊಳ್ತು. ಅವರ ಖಾಕಿ ಅಂಗಿಗಳಿಗೆಲ್ಲ ನಾನೇ ಪಟ್ಟಿ ಹಾಕಿಕೊಟ್ಟೆ. ಅವಕ್ಕೂ ಕಚ್ಚಾ ಹೊಲಿಗೆಯೇ.

ನಮ್ಮಿಬ್ಬರದೂ ಒಂದೇ ರಕ್ತದ ಗುಂಪು, ಹೆಚ್ಚು ಕಮ್ಮಿ ಒಂದೇ ಗಾತ್ರ. ಅಂದ್ರೆ ಒಬ್ಬರಿಗೆ ಬರೋ ಲಿವರ್ ಇನ್ನೊಬ್ಬರಿಗೂ ಆಗತ್ತೆ. ಇದು ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಆಡ್ತಿರಲಿಲ್ಲ. ಲಿವರ್ ಕಾಯೋರಿಗೆ ಆಸ್ಪತ್ರೆಯವರು ಅಂಕ ಕೊಡ್ತಾರೆ. ಪರೀಕ್ಷೆ ಉಲ್ಟಾ. ಎಷ್ಟು ಕೆಡ್ತೀವೋ ಅಷ್ಟು ಅಂಕ, ಎಲ್ಲರಿಗಿಂತ ಕೆಟ್ಟವರಿಗೆ ಮೊದಲ ಜಾಗ. ರಕ್ತದ ರಿಪೋರ್ಟು ಸುಧಾರಿಸಿದ್ರೆ ಮನೆಗೆ ಬಂದು ಅಳಬೇಕು, ಕೆಟ್ಟರೆ ಒಳಗೊಳಗೇ ಖುಷಿಪಡಬೇಕು, ಅಂಥ ಬದುಕು ಇದು. ಒಬ್ಬರ ಅಂಕ ಇನ್ನೊಬ್ಬರು ಕೇಳಬಾರದು ಅಂತ ಮಾತಾಗಿತ್ತು. ಆದ್ರೆ ಅವರ ಕಣ್ಣು ಎಷ್ಟು ಹಳದಿ ಅಂತ ನಾನು ಕದ್ದು ನೋಡ್ತಿದ್ದೆ, ಅವರೂ ನನ್ನ ಕಾಲಿನ ಬಾವು ನೋಡ್ತಿದ್ದರು.

ಆಸ್ಪತ್ರೆಯಿಂದ ಫೋನು ಬಂದಿದ್ದು ಮಟಮಟ ಮಧ್ಯಾಹ್ನ. ನಾನು ಯಾರದೋ ಪ್ಯಾಂಟಿನ ಕಾಲು ಮಡಿಸ್ತಿದ್ದೆ. ಸಿಸ್ಟರ್ ದನಿ. "ಒಂದು ಲಿವರ್ ಬರ್ತಾ ಇದೆ. ಮೊದಲ ಹೆಸರು ನಿಮ್ಮದು. ಕೂಡಲೇ ಹೊರಡಿ, ಏನೂ ತಿನ್ನಬೇಡಿ. ಜ್ವರ, ಚಳಿ, ಹೊಟ್ಟೆನೋವು ಏನಾದ್ರೂ ಇದ್ಯಾ?"

ಇತ್ತು. ಹಿಂದಿನ ದಿನದಿಂದ ಮೈ ಬೆಚ್ಚಗಿತ್ತು. ಬೆಳಿಗ್ಗೆ ಸೂಜಿ ಪೋಣಿಸೋಕೆ ತಡಕಾಡಿದ್ದೆ, ಹೇಗೋ ಪೋಣಿಸಿ ಮನೆಯವರ ಮುಂದೆ ಹಿಡಿದಿದ್ದೆ. ಹೊಟ್ಟೆಯ ಒಳಗೆಲ್ಲ ಹುಣ್ಣು ಮುಟ್ಟಿದ ಹಾಗೆ ನೋವು. ಹೇಳಿದ್ರೆ ಏನಾಗತ್ತೆ ಅಂತಾನೂ ಗೊತ್ತಿತ್ತು. "ಪರವಾಗಿಲ್ಲಮ್ಮ, ಮುಂದಿನ ಸಲ" ಅಂತಾರೆ. ಮುಂದಿನ ಸಲ ಅನ್ನಿಸಿಕೊಂಡೋರನ್ನ ಆ ಬೆಂಚಿನ ಮೇಲೆ ನೋಡಿದ್ದೆ, ಆಮೇಲೆ ಬೆಂಚಿನ ಮೇಲೆ ಅವರ ಜಾಗ ಖಾಲಿ ಇದ್ದಿದ್ದನ್ನೂ ನೋಡಿದ್ದೆ.

"ಏನೂ ಇಲ್ಲ ಸಿಸ್ಟರ್, ಆರಾಮಾಗಿದೀನಿ" ಅಂದೆ.

ಮನೆಯವರು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬ್ಯಾಗು ಹುಡುಕೋಕೆ ಹೋದ್ರು. ನಾನು ಕಕ್ಕಸಿಗೆ ಹೋಗಿ ಬಾಗಿಲು ಹಾಕ್ಕೊಂಡು ಜ್ವರದ ಮಾತ್ರೆ ನುಂಗಿದೆ. ಥರ್ಮಾಮೀಟರ್‌ಗೆ ಮೋಸ ಮಾಡೋಕೆ ಅಷ್ಟು ಸಾಕು ಅಂತ ಯಾರೋ ಬೆಂಚಿನ ಮೇಲೆ ಹೇಳಿದ್ದು ಕಿವಿಗೆ ಬಿದ್ದಿತ್ತು. ಕೆಟ್ಟ ಲಿವರ್ ಇರೋಳು ಕೇಳದೆ ಮಾಡದೆ ಆ ಮಾತ್ರೆ ನುಂಗಬಾರದು ಅಂತ ಡಾಕ್ಟರಮ್ಮ ಬಡ್ಕೊಂಡಿದ್ದು ನೆನಪಾಯ್ತು. ಈ ಹಳೇ ಲಿವರ್ ಇನ್ನು ಎಷ್ಟು ಹೊತ್ತಿನದು, ಏನಾದ್ರೂ ಆಗಲಿ ಅಂದ್ಕೊಂಡೆ.

ಒಂದು ಲಿವರಿಗೆ ಇಬ್ಬರನ್ನ ಕರೀತಾರೆ. ಮೊದಲನೆಯವರಲ್ಲಿ ಏನಾದ್ರೂ ಐಬು ಕಂಡರೆ ಎರಡನೆಯವರಿಗೆ. ಎರಡನೆಯವರು ಬಟ್ಟೆಗಂಟು ತಗೊಂಡು ಬಂದು, ಕಾದು, ಹಾಗೇ ವಾಪಸ್ ಹೋಗ್ತಾರೆ. ಕಾಯೋ ಕೋಣೆಗೆ ಹೋಗಿ ನೋಡ್ತೀನಿ, ಅಲ್ಲಿ ಚೀಲ ತೊಡೆ ಮೇಲೆ ಇಟ್ಕೊಂಡು ಡ್ರೈವರಣ್ಣ ಕೂತಿದಾರೆ.

ಅವರೇ ಮೊದಲು ಸಾವರಿಸಿಕೊಂಡ್ರು. "ಓಹೋ, ನಾನು ಸ್ಟೆಪ್ನಿ ಟೈರು. ಮುಂದಿನ ಗಾಲಿ ನೀವೇ ಅಂತ ಗೊತ್ತಿದ್ರೆ ಊಟ ಮಾಡ್ಕೊಂಡೇ ಬರ್ತಿದ್ದೆ" ಅಂದ್ರು. ನಗಬೇಕು ಅಂತ ಬಾಯಿ ತೆಗೆದೆ, ಹಲ್ಲು ಕಟಕಟ ಅಂತು.

ಅವರ ನಗು ನಿಂತುಹೋಯ್ತು. ನನ್ನ ಹಣೆ ಮೇಲೆ ಬೆವರು, ಮೈಯಲ್ಲಿ ನಡುಕ. ನನ್ನ ಮುಖ ನೋಡಿದ್ರು, ಕೈ ನೋಡಿದ್ರು. ಎದ್ದು ಹೋಗಿ ಎದುರಿನ ಬೆಂಚಲ್ಲಿ ಕೂತು ಗೋಡೆ ನೋಡ್ತಾ ಇದ್ದುಬಿಟ್ರು. ಮನೆಯವರು ರಕ್ತ ತೆಗೆಸೋ ಚೀಟಿ ಹಿಡಿದು ಆಚೆ ಹೋಗಿದ್ರು. ಸಿಸ್ಟರ್ ಬಂದ್ರು, ಥರ್ಮಾಮೀಟರ್ ಇಟ್ರು, ನೋಡಿ ತಲೆಯಾಡಿಸಿದ್ರು. ಮಾತ್ರೆ ಕೆಲಸ ಮಾಡಿತ್ತು. "ಡಾಕ್ಟರ್ ಈಗ ಬರ್ತಾರೆ, ರೆಡಿಯಾಗಿರಿ" ಅಂತ ಹೇಳಿ, ಡ್ರೈವರಣ್ಣನ ಕಡೆ ತಿರುಗಿ, "ನೀವು ಏನಾದ್ರೂ ಹೇಳಬೇಕಾ?" ಅಂದ್ರು. ಅವರು ಬಾಯಿ ತೆಗೆದ್ರು. "ಇಲ್ಲ ಸಿಸ್ಟರ್" ಅಂತ ಬಾಯಿ ಮುಚ್ಚಿದ್ರು.

ಸಿಸ್ಟರ್ ಹೋದ ಮೇಲೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ನೆತ್ತಿಗೇರ್ತು.

"ಗೊತ್ತಾಗಿದೆ ತಾನೇ ನಿಮಗೆ?"

"ಏನು?"

"ನಾಟಕ ಬೇಡ ಡ್ರೈವರಣ್ಣ."

"ಗೊತ್ತಾಗಿದೆ" ಅಂದ್ರು, ನೆಲ ನೋಡ್ತಾ.

"ಮತ್ತೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳಲಿ ಟೈಲರಮ್ಮ? ಹೇಳಿದ್ರೆ ಸಿಗೋದು ನನಗೆ. ನಿಮ್ಮ ಒಳ್ಳೇದಕ್ಕೆ ಹೇಳಿದೆ ಅಂದ್ರೆ ನನ್ನನ್ನ ನಾನೇ ನಂಬಲ್ಲ."

"ಹೇಳದೇ ಇದ್ರೆ ನಾನು ಆಪರೇಷನ್ ಟೇಬಲ್ ಮೇಲೇ ಹೋಗಿಬಿಡಬಹುದು."

"ಅದೂ ಗೊತ್ತು. ಅದಕ್ಕೇ ಆಗಿಂದ ಬಾಯಿ ಒಣಗ್ತಾ ಇದೆ. ಈಗ ಯಾರಾದ್ರೂ ಬಾಟಲಿ ಕೊಟ್ರೆ ಎತ್ತಿಬಿಡ್ತೀನೇನೋ ಅನ್ನಿಸ್ತಿದೆ, ನೋಡಿ, ಇಷ್ಟು ದಿನ ಆದಮೇಲೆ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಯಾರ ಮೇಲೆ ಸಿಟ್ಟು ಅಂತ ಗೊತ್ತಾಗಲಿಲ್ಲ. ಎಲ್ಲೋ ಒಂದು ಮನೆಯಲ್ಲಿ ಯಾರೋ ಸತ್ತಿದ್ದಾರೆ, ಅವರ ಮನೆಯವರು ಅಷ್ಟು ಅಳುವಿನ ಮಧ್ಯೆ ತಗೊಳ್ಳಿ ಅಂತ ಸಹಿ ಮಾಡಿದ್ದಾರೆ. ಇರೋದು ಒಂದೇ ತುಂಡು ಬಟ್ಟೆ. ತಪ್ಪು ಮೈಗೆ ಅಂತ ಕತ್ತರಿ ಹಾಕಿಬಿಟ್ರೆ ಮತ್ತೆ ಯಾರಿಗೂ ಬರಲ್ಲ. ನಾನು ಒಳ್ಳೆಯವಳಾಗಿ ಎದ್ದೆ ಅಂತ ಯಾರೂ ತಿಳ್ಕೋಬೇಡಿ. ಭಯ ಆಯ್ತು, ಎದ್ದೆ. ಬಾಗಿಲ ಹತ್ರ ಹೋಗಿ, "ಸಿಸ್ಟರ್, ನನಗೆ ನಿನ್ನೆಯಿಂದ ಜ್ವರ. ಮಾತ್ರೆ ನುಂಗಿ ಬಂದಿದೀನಿ" ಅಂದೆ.

ಆಮೇಲೆ ಎಲ್ಲಾ ಸರಸರ ಆಯ್ತು. ಡಾಕ್ಟರಮ್ಮ ಬಂದು ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆದ್ರು. ಮಡ್ಡಿ ನೀರು, ಸೋಂಕು ತುಂಬಿತ್ತು. ಬೈತಾರೆ ಅಂದ್ಕೊಂಡಿದ್ದೆ, ಬೈಯಲಿಲ್ಲ. "ಹೊಸ ಲಿವರ್ ಹಾಕಿದ ಮೇಲೆ ಮೈಯ ಕಾವಲು ಇಳಿಸೋ ಔಷಧಿ ಕೊಡ್ತೀವಿ. ಈ ಸೋಂಕು ಇಟ್ಕೊಂಡು ಅದನ್ನ ಕೊಟ್ಟಿದ್ರೆ ನೀವು ಉಳೀತಿರಲಿಲ್ಲ" ಅಂದ್ರು. ಚೀಟಿ ಹಿಡಿದು ವಾಪಸ್ ಬಂದ ಮನೆಯವರು ಎಲ್ಲಾ ಕೇಳಿಸ್ಕೊಂಡು ಗೋಡೆಗೆ ಒರಗಿ ನಿಂತರು.

ಡ್ರೈವರಣ್ಣನ್ನ ಸ್ಟ್ರೆಚರ್ ಮೇಲೆ ಮಲಗಿಸಿ ನನ್ನ ಮಂಚದ ಮುಂದೇನೇ ತಳ್ಳಿಕೊಂಡು ಹೋದ್ರು. ಕೈ ಚಾಚಿದ್ರು. ನಾನು ಹಿಡೀಲಿಲ್ಲ. ನಿಜ ಹೇಳ್ತೀನಿ, ಹಿಡಿಯೋಕೆ ಮನಸ್ಸು ಬರಲಿಲ್ಲ. "ಹೋಗಿ. ಅದನ್ನ ಹಾಳು ಮಾಡ್ಕೊಂಡ್ರೆ ನಾನು ಸುಮ್ಮನಿರಲ್ಲ" ಅಂದೆ ಅಷ್ಟೆ.

ಅವತ್ತು ಸಂಜೆ ಮನೆಯವರು ಒಂದೇ ಮಾತಾಡಿದ್ದು. "ನನಗಾದ್ರೂ ಹೇಳಬಹುದಿತ್ತು." ಅವರು ಬೈದಿದ್ರೆ ತಡ್ಕೊಳ್ತಿದ್ದೆ, ಇದನ್ನ ತಡ್ಕೊಳ್ಳೋಕಾಗಲಿಲ್ಲ. ದಿಂಬಿಗೆ ಮುಖ ಹಾಕಿ ಅತ್ತೆ.

ಸೋಂಕು ಇಳಿದು ನಾನು ಮನೆಗೆ ಬರೋ ಹೊತ್ತಿಗೆ ಕೈಕಾಲು ಕಡ್ಡಿಯಾಗಿತ್ತು, ಹೊಟ್ಟೆ ಮಾತ್ರ ಹಾಗೇ. ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದ್ರು, "ಒಂದು ಸಲ ಈ ಸೋಂಕು ಬಂದೋರಿಗೆ ಮತ್ತೆ ಬರತ್ತೆ. ಹೆಚ್ಚು ಕಾಯೋಕಾಗಲ್ಲ. ನಿಮ್ಮ ಅಂಕ ಏರಿದೆ, ಹೆಸರು ಮೇಲೇ ಇದೆ. ಸಿಕ್ಕರೆ ಬೇಗ ಸಿಗಬೇಕು."

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಅಂದ್ರೆ ಗೌನುಗಳನ್ನೆಲ್ಲ ಅಂಗಡಿಗೆ ತಗೊಂಡು ಹೋಗಿ ಮಿಷನ್ನಿಗೆ ಹಾಕಿದ್ದು. ಕಚ್ಚಾ ಹೊಲಿಗೆ ಕಿತ್ತು ಪಟ್ಟಿಗಳನ್ನ ಒತ್ತೊತ್ತಾಗಿ ಎರಡೆರಡು ಸಾಲು ಹೊಡೆದೆ. ಯಾವ ಹೊಸ ಲಿವರ್, ಯಾವ ಎಳೆದು ಬಿಸಾಕೋದು? ಹೊಟ್ಟೆ ಇಳಿಯೋದು ಚಿತೆ ಮೇಲೇ ಅನ್ನಿಸಿಬಿಟ್ಟಿತ್ತು. ಮನೆಯವರು ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಬಿಟ್ಟು ನೋಡ್ತಾ ನಿಂತರು. ಯಾರದೋ ಬಿಳಿ ಅಂಗಿ ಸುಟ್ಟು ಕಂದು ಕಲೆ ಬಿತ್ತು. ಅವರ ಕೈಯಲ್ಲಿ ಬಟ್ಟೆ ಸುಟ್ಟಿದ್ದನ್ನ ನಾನು ಅವತ್ತೇ ನೋಡಿದ್ದು.

ಡ್ರೈವರಣ್ಣನ ಸುದ್ದಿ ಇಲ್ಲ. ಲಿವರ್ ಹಾಕಿಸಿಕೊಂಡೋರಿಗೆ ಕ್ಲಿನಿಕ್ಕು ಬೇರೆ ದಿನ. ಬದುಕಿದ್ದಾರೋ ಇಲ್ಲವೋ ಅಂತ ಸಿಸ್ಟರ್‌ನ ಕೇಳಬಹುದಿತ್ತು, ಕೇಳಲಿಲ್ಲ. ಸತ್ತಿದ್ದಾರೆ ಅಂದ್ರೆ ನನ್ನ ಪಾಲಿನದ್ದೂ ಜೊತೆಗೆ ಹೋಯ್ತು. ಬದುಕಿದ್ದಾರೆ ಅಂದ್ರೆ ಹೊಟ್ಟೆ ಉರಿಯತ್ತೆ. ಹೌದು, ಉರೀತಿತ್ತು. ಕೊಡಗಟ್ಟಲೆ ಕುಡಿದವರಿಗೆ ಸಿಕ್ತು, ಒಂದು ತೊಟ್ಟು ಮುಟ್ಟದ ನಾನು ಸಿರಪ್ಪು ಕುಡ್ಕೊಂಡು ಕೂತಿದೀನಿ. ಮಿಷನ್ ತುಳೀತಾ ತುಳೀತಾ ಇದನ್ನೇ ಜಪ ಮಾಡ್ತಿದ್ದೆ.

ಒಂದಿನ ಬೆಳಿಗ್ಗೆ ಸೂಜಿ ಪೋಣಿಸೋಕಾಗಲಿಲ್ಲ. ದಾರ ಸೂಜಿಯ ಈ ಪಕ್ಕ ಹೋಗತ್ತೆ, ಆ ಪಕ್ಕ ಹೋಗತ್ತೆ, ಕಣ್ಣಿಗೆ ಮಾತ್ರ ಹೋಗಲ್ಲ. ಮನೆಯವರು ಸಿರಪ್ಪು ಜಾಸ್ತಿ ಬಗ್ಗಿಸಿದ್ರು. "ಅಂಗಡಿಗೆ ಬಂದು ಸುಮ್ನೆ ಕೂತಿರ್ತೀನಿ, ಮನೇಲಿ ಒಬ್ಬಳೇ ಬಿಟ್ಟು ಹೋಗಬೇಡಿ" ಅಂತ ಹಟ ಮಾಡಿದ್ದಕ್ಕೆ ಕರ್ಕೊಂಡು ಬಂದು ಸ್ಟೂಲ್ ಮೇಲೆ ಕೂರಿಸಿದ್ರು. ಅವತ್ತೇ ಬಾಗಿಲಲ್ಲಿ ಯಾರೋ ಬಂದು ನಿಂತರು. ಮುಖಕ್ಕೆ ಮಾಸ್ಕು, ಬಡಕಲು ಮೈ, ಖಾಕಿ ಅಂಗಿ ಗೂಟಕ್ಕೆ ತಗಲಿಹಾಕಿದ ಹಾಗೆ ಜೋಲ್ತಿತ್ತು. ಕೈಯಲ್ಲೊಂದು ಚೀಲ. ಗುರುತು ಸಿಗಲಿಲ್ಲ ನನಗೆ. ನನ್ನ ತಲೆ ಕೈಕೊಟ್ಟಿತೇನೋ ಅಂತ ಭಯದಿಂದ ಮನೆಯವರ ಮುಖ ನೋಡಿದೆ.

"ಟೈಲರಮ್ಮ" ಅಂದ್ರು.

ದನಿ ಗುರುತಾಯ್ತು. ಕಣ್ಣು ನೋಡಿದೆ. ಬೆಳ್ಳಗಿತ್ತು. ಅಷ್ಟು ಬೆಳ್ಳಗಿನ ಕಣ್ಣು ನೋಡಿ ನನಗೆ ಬೈಯೋಕೇ ಮರೆತುಹೋಯ್ತು.

"ಇಷ್ಟು ದಿನ ಎಲ್ಲಿ ಸತ್ತಿದ್ರಿ?" ಅಂದೆ ಕೊನೆಗೆ.

"ಬರೋಕೆ ಮುಖ ಇರಲಿಲ್ಲ."

"ಈಗ ಎಲ್ಲಿಂದ ಬಂತು?"

"ಈಗಲೂ ಇಲ್ಲ. ಅದಕ್ಕೇ ಮಾಸ್ಕು" ಅಂದ್ರು. ಮನೆಯವರು ಪುಸಕ್ಕಂತ ನಕ್ಕುಬಿಟ್ರು. ಎಷ್ಟು ಕಾಲ ಆಗಿತ್ತೋ ಆ ಮನುಷ್ಯ ನಕ್ಕು.

ಚೀಲದಲ್ಲಿ ಅವರ ಖಾಕಿ ಅಂಗಿಗಳು. ಪಟ್ಟಿ ತೆಗೆದುಕೊಡಬೇಕಂತೆ. ಬೇರೆ ಯಾರ ಹತ್ರವಾದ್ರೂ ತೆಗೆಸಬಹುದಿತ್ತು, "ಮನಸ್ಸು ಬರಲಿಲ್ಲ" ಅಂದ್ರು. ನಾನು ಒಂದು ಅಂಗಿ ಮಡಿಲಿಗೆ ಎಳ್ಕೊಂಡು ದಾರದ ತುದಿ ಹುಡುಕಿ ಎಳೆದೆ. ನಡುಗೋ ಕೈಗೂ ಅದು ಕಷ್ಟ ಆಗಲಿಲ್ಲ. ಸುರ್ರಂತ ಪೂರ್ತಿ ಬಂತು, ಪಟ್ಟಿ ಕಳಚಿ ನೆಲಕ್ಕೆ ಬಿತ್ತು.

"ಅರೆ, ಇಷ್ಟು ಸುಲಭಾನಾ?"

"ಬಿಚ್ಚೋಕೇ ಅಂತ ಹೊಲಿದಿದ್ದು."

"ಆಗಲೇ?" ಅಂದ್ರು. "ನಾನು ಉಳೀತೀನಿ ಅಂತ ನನಗೇ ನಂಬಿಕೆ ಇರಲಿಲ್ಲ. ನೀವು ಆಗಲೇ ಬಿಚ್ಚೋಕೆ ಹೊಲಿದಿದ್ರಾ?"

ಅವರ ಕಣ್ಣು ನನ್ನ ಗೌನಿನ ಪಕ್ಕಕ್ಕೆ ಹೋಯ್ತು. ಮಿಷನ್ನಿನ ಒತ್ತು ಹೊಲಿಗೆ, ಎರಡು ಸಾಲು. ಅಂಗಿ ಹೊಲಿಯೋದು ಗೊತ್ತಿಲ್ಲದವರಿಗೂ ಅದು ಬಿಚ್ಚೋಕೆ ಹಾಕಿದ್ದಲ್ಲ ಅಂತ ಗೊತ್ತಾಗತ್ತೆ. ಆ ಮನುಷ್ಯ ಸ್ಟೂಲ್ ಎಳ್ಕೊಂಡು ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟು, ಸದ್ದಿಲ್ಲದೆ ಅತ್ತರು. ನನಗೆ ಮೈಯೆಲ್ಲ ಉರಿ.

"ಅಳೋಕೆ ಬಂದ್ರಾ ಇಲ್ಲಿಗೆ? ಬದುಕಿದೀರಲ್ಲ, ಅದನ್ನಾದ್ರೂ ನೆಟ್ಟಗೆ ಮಾಡಿ. ಕುಡಿದಿಲ್ಲ ತಾನೇ?"

"ಇಲ್ಲ."

"ಆಣೆ?"

"ನಿಮ್ಮಾಣೆ."

"ನನ್ನ ಮೇಲೆ ಯಾಕೆ? ನಾನು ಎಷ್ಟು ದಿನ ಇರ್ತೀನೋ ಏನೋ."

ಅದಕ್ಕೆ ಅವರು ಮುಖ ಎತ್ತಿದ್ರು. "ಅದಕ್ಕೇ ಟೈಲರಮ್ಮ, ನಿಮ್ಮಾಣೆ."

ನಾನು ಉಳಿದ ಅಂಗಿಗಳ ದಾರವನ್ನೂ ಎಳೆದೆ. ಖಾಕಿ ಪಟ್ಟಿಗಳು ನನ್ನ ಕಾಲ ಹತ್ರ ಗುಪ್ಪೆಯಾದವು. ಒಳ್ಳೇ ಬಟ್ಟೆ, ಗಟ್ಟಿ ನೂಲು. ನನ್ನ ಗೌನಿನ ಪಟ್ಟಿ ಆಗಲೇ ಬಿಗಿಯಾಗ್ತಿತ್ತು, ಒಂದೆರಡು ದಿನದಲ್ಲಿ ಮತ್ತೆ ನೀರು ತೆಗೆಸಬೇಕು. "ರೀ, ಒಳಗಡೆ ಇನ್ನೊಂದು ಗೌನು ಇದೆ, ತನ್ನಿ. ಬ್ಲೇಡೂ ತನ್ನಿ" ಅಂದೆ.

ಮಿಷನ್ ಹೊಲಿಗೆ ಬಿಚ್ಚೋದು ಸುಲಭ ಅಲ್ಲ. ಮನೆಯವರೇ ಕೂತು ಒಂದೊಂದೇ ಎಳೆ ಕುಯ್ದರು. ನಾನು ಖಾಕಿ ಪಟ್ಟಿ ಅಳತೆಗೆ ಹಿಡಿದೆ, ಸೂಜಿ ತಗೊಂಡೆ. ದಾರ ಹೋಗಲಿಲ್ಲ. ಮತ್ತೆ ಹಿಡಿದೆ, ಹೋಗಲಿಲ್ಲ. ಡ್ರೈವರಣ್ಣ ನನ್ನ ಕೈಯಿಂದ ತಗೊಂಡು, ದಾರದ ತುದಿ ಬಾಯಿಗಿಡೋಕೆ ಹೋದವರು ಮಾಸ್ಕು ಅಡ್ಡ ಬಂದು ಬೆರಳಲ್ಲೇ ಹೊಸೆದು ಪೋಣಿಸಿದ್ರು. ಅವರ ಕೈ ಒಂದಿಷ್ಟೂ ಅಲುಗಲಿಲ್ಲ. ಕ್ಲಿನಿಕ್ಕಿನ ಬೆಂಚಲ್ಲಿ ನೀರಿನ ಲೋಟ ಹಿಡಿಯೋಕೆ ಆಗದೆ ತುಳುಕಿಸ್ತಿದ್ದ ಕೈ ಅದು. ನಾನು ಆ ಕೈಯನ್ನೇ ನೋಡ್ತಾ ಇದ್ದೆ. ಹೀಗೂ ಆಗತ್ತೆ, ನಿಜವಾಗಿಯೂ ಆಗತ್ತೆ ಅಂತ ಮೊದಲ ಸಲ ನನ್ನ ಕಣ್ಣಿಂದ ನೋಡಿದೆ. ಹೊಟ್ಟೆ ಉರಿ ಹೋಗಲಿಲ್ಲ. ಆದ್ರೆ ಅದರ ಪಕ್ಕದಲ್ಲಿ ನನಗೂ ಬೇಕು ಅನ್ನೋ ಆಸೆ ಬಂದು ಕೂತ್ಕೊಳ್ತು.

ಅವರು ಒಂದು ಸೂಜಿಗೆ ನಿಲ್ಲಿಸಲಿಲ್ಲ. ಡಬ್ಬಿಯಲ್ಲಿದ್ದ ಸೂಜಿಗಳನ್ನೆಲ್ಲ ಪೋಣಿಸಿ, ಸಾಲಾಗಿ ಚುಚ್ಚಿಟ್ಟರು.

"ಬೆಳಗಿನ ಪರೀಕ್ಷೆಗೆ ಇವು ನಡೆಯಲ್ಲ. ಅದನ್ನ ಅವಳೇ ಪೋಣಿಸಬೇಕು" ಅಂದ್ರು ಮನೆಯವರು.

ನಾನು ಖಾಕಿ ಪಟ್ಟಿಯನ್ನ ಗೌನಿಗೆ ಹಿಡಿದು ದೂರ ದೂರ ಹೊಲಿಗೆ ಹಾಕ್ತಾ ಬಂದೆ. ಸೊಟ್ಟಪಟ್ಟ ಬಂತು, ನನ್ನ ಕೈಯಿಂದ ಅಷ್ಟು ಕೆಟ್ಟ ಕೆಲಸ ಯಾವತ್ತೂ ಆಗಿರಲಿಲ್ಲ. ಮನೆಯವರು ಬಗ್ಗಿ ನೋಡಿದ್ರು.

"ಇಷ್ಟು ದೂರ ದೂರ ಹಾಕಿದ್ರೆ ಬಿಚ್ಚಿಕೊಳ್ಳಲ್ವಾ?"

"ಬಿಚ್ಚಿಕೊಳ್ಳಲಿ ಅಂತಾನೇ" ಅಂದೆ.

ಅವರು ಆ ಗೌನು ತಗೊಂಡು ಹೋಗಿ ಇಸ್ತ್ರಿ ಹಾಕಿದ್ರು.